ಜಗಲಿಯವರೆಗೆ

"ನೀನೇ ಹತ್ತು. ನಾನು ಕೈ ಹಾಕೋದಿಲ್ಲ," ಎಂದ ಶ್ರೇಯಾಂಸ, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರರ ಹಾಗೆ ಕೈ ಕಟ್ಟಿ ನಿಂತು.

ಕಾಂಚನಮಾಲಾ ಗಾಲಿಗಳ ಮೇಲೆ ಅಂಗೈ ಊರಿ ತಳ್ಳಿದಳು. ಗಾಲಿಕುರ್ಚಿ ಹತ್ತಿತು. ಸಿಮೆಂಟಿನ ಇಳಿಜಾರು, ಹನ್ನೆರಡು ಅಡಿಗೆ ಒಂದಡಿ ಏರು. ಈ ಲೆಕ್ಕವನ್ನು ಅವನು ಆರು ತಿಂಗಳಿಂದ ಊಟದ ಹೊತ್ತಿಗೆಲ್ಲ ಹೇಳಿದ್ದ. ಟೇಪು ಹಿಡಿದು ಅವಳೆದುರು ಮಂಡಿಯೂರಿ ಕುರ್ಚಿಯ ಅಗಲ, ಗಾಲಿಯ ಸುತ್ತಳತೆ, ತಿರುಗಲು ಬೇಕಾದ ಜಾಗ ಎಲ್ಲ ಅಳೆದಿದ್ದ. ಆಗ ಅವನ ನೆತ್ತಿಯಲ್ಲಿ ಕೂದಲು ತೆಳುವಾದದ್ದು ಕಂಡು ಅವಳಿಗೆ ಪ್ರೀತಿ ಉಕ್ಕಿತ್ತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ, ನಲವತ್ತಮೂರು ವರ್ಷದ ಹೆಂಗಸಿಗೆ ಅದು ನಾಚಿಕೆಯ ವಿಷಯ.

ಎಂಬತ್ತೊಂದನೆಯ ಇಸವಿ ಅಂಗವಿಕಲರ ವರ್ಷವಾಗಿತ್ತು. ಅರೇಹಳ್ಳಿಯ ಆಚೆ ಕಾಡಿನೊಳಗಿದ್ದ ಈ ಹಳೆಯ ಬಂಗಲೆಯನ್ನು, ರಜೆಗೆ ಬಂದು ತಂಗುವವರಿಗಾಗಿ ರಿಪೇರಿ ಮಾಡಿಸುವ ಕೆಲಸ ಎಂಜಿನಿಯರನಾದ ಅವನ ಪಾಲಿಗೆ ಬಂದಿತ್ತು. "ಯಾರ ಕೈಯನ್ನೂ ಕಾಯದೆ ನೀನು ಒಳಗೆ ಹೋಗೋ ಜಾಗ, ನಮ್ಮನೆ ಬಿಟ್ಟರೆ ಇದೊಂದು ಇರುತ್ತೆ," ಎಂದಿದ್ದ. ಅವಳು ಆ ಮಾತನ್ನು ಸೀರೆಯ ಮಡಿಕೆಯಲ್ಲಿಟ್ಟ ಹಾಗೆ ಇಟ್ಟುಕೊಂಡಿದ್ದಳು.

ಬೆಳಿಗ್ಗೆ ಅರಸೀಕೆರೆ ಬಿಟ್ಟವರು ಜಾವಗಲ್ ಹತ್ತಿರದ ತಿರುವಿನಲ್ಲಿ ಮಾತು ನಿಲ್ಲಿಸಿದ್ದರು. ಹನ್ನೊಂದು ವರ್ಷದ ಹಿಂದೆ ಜೀಪು ಮಗುಚಿದ್ದು ಅಲ್ಲಿ. ಓಡಿಸುತ್ತಿದ್ದವನು ಅವನು. ಅವನ ಮೊಣಕೈ ತರಚಿತ್ತು. ಅವಳಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವನು ಮನೆಯ ಹೊಸ್ತಿಲುಗಳನ್ನೆಲ್ಲ ಕೊಯ್ಸಿ ತೆಗೆಸಿದ್ದ. "ಹೊಸ್ತಿಲಿಲ್ಲದ ಮನೆಗೂ ಬಸ್‌ಸ್ಟ್ಯಾಂಡಿಗೂ ಏನೋ ವ್ಯತ್ಯಾಸ?" ಎಂದು ಅತ್ತೆ ಜಿನಮತಿ ಎರಡು ದಿನ ಊಟ ಬಿಟ್ಟಿದ್ದರು. ಅವನು ಜಗ್ಗಲಿಲ್ಲ. ಅಂದಿನಿಂದ ಅವನು ಯಾವ ಕೋಣೆಯಲ್ಲಿ ಕೂತರೂ ಹಿಂದೆಯೇ ಅವಳ ಗಾಲಿಯ ಕಿರ್ ಸದ್ದು ಬರುತ್ತಿತ್ತು. ಅವನು ಅದನ್ನು ಎಂದೂ ದೂರಿರಲಿಲ್ಲ. ಗಾಲಿಗೆ ಎಣ್ಣೆ ಮಾತ್ರ ಹಾಕುತ್ತಿದ್ದ.

ಜಗಲಿ ಮುಗಿದು ಬಾಗಿಲು ಬಂತು. ಗಾಲಿ ಠಕ್ಕೆಂದು ನಿಂತಿತು.

ಹೊಸ್ತಿಲು. ಆರು ಬೆರಳು ಎತ್ತರದ ತೇಗದ ಹೊಸ್ತಿಲು.

"ಇದು?"

"ಕಾಡು, ಮಾಲಾ. ಹಾವು ಬರುತ್ತೆ."

ಅವಳು ಅವನ ಮುಖ ನೋಡಿದಳು. ಅವನು ಸೂರಿನ ಹೆಂಚು ನೋಡುತ್ತಿದ್ದ.

"ಎತ್ತಿ ದಾಟಿಸ್ತೀನಿ ಬಾ. ಅದೇನು ಮಹಾ."

"ಬೇಡ. ಇಲ್ಲೇ ಗಾಳಿ ಚೆನ್ನಾಗಿದೆ."

ಅವನು ಎರಡನೆಯ ಸಲ ಕೇಳಲಿಲ್ಲ. ಚಪ್ಪಲಿ ಬಿಟ್ಟು, ದಾಟಿ, ಒಳಗೆ ಹೋದ.

ಬಂಗಲೆಯ ಕಾವಲುಗಾರ ದ್ಯಾವಯ್ಯ ಮಜ್ಜಿಗೆ ತಂದ. ವಯಸ್ಸಾದವನು, ಮಾತಿನ ಹಸಿವಿದ್ದವನು.

"ನಾ ಗಾರೆಯೋರ್ಗೆ ಅಂದೆ ಕಣವ್ವಾ, ಅಮ್ಮಾರ ಗಾಡಿ ಇದ್ನ ದಾಟಾಕಿಲ್ಲ ಅಂತ. ಅವ್ರು ಸಾಯೇಬ್ರನ್ನೇ ಕೇಳಿದ್ರು."

"ಏನಂದರು?"

"ಅಮ್ಮಾರು ಜಗಲಿಗಂಟ ಬಂದ್ರೆ ಸಾಕು, ಅಂದ್ರು." ಅವನು ಹೊಸ್ತಿಲನ್ನು ಎತ್ತಿನ ಬೆನ್ನು ಸವರುವಂತೆ ಸವರಿದ. "ಮರ ನೋಡಿ ಎಂಗೈತೆ! ಇಂಥದ್ದು ಈಗೆಲ್ಲಿ ಸಿಗ್ತದೆ? ಸಾಯೇಬ್ರು ತಮ್ಮನೇ ಹೊಸ್ಲನ್ನೇ ಜೀಪಲ್ಲಿ ಹಾಕ್ಕಂಡು ತಂದ್ರು. ಬಾಗಿಲ್ನೇ ಇದ್ರ ಅಳತೆಗೆ ಮಾಡ್ಸಿದ್ರು."

ಅವಳು ಬಗ್ಗಿ ನೋಡಿದಳು. ಬಲತುದಿಯಲ್ಲಿ ಹೆಬ್ಬೆರಳಗಲದ ಕಪ್ಪು ಕಲೆ. ಮದುವೆಯಾದ ವರ್ಷ, ದೀಪಾವಳಿಯ ಸಂಜೆ, ತಲೆಬಾಗಿಲ ಹೊಸ್ತಿಲ ಮೇಲೆ ಅವಳಿಟ್ಟ ಹಣತೆ ವಾಲಿ ಮರ ಸುಟ್ಟಿತ್ತು. ಅತ್ತೆ ಬೈದಿದ್ದರು. ಅವನು ಅತ್ತೆಯ ಬೆನ್ನ ಹಿಂದೆ ನಿಂತು ನಕ್ಕಿದ್ದ.

ಹನ್ನೊಂದು ವರ್ಷ ಅದನ್ನು ಎಲ್ಲಿಟ್ಟಿದ್ದ? ಹಿತ್ತಲ ಕೊಟ್ಟಿಗೆಯಲ್ಲಿ, ಸೌದೆಯ ಹಿಂದೆ? ಅಲ್ಲಿಗೆ ಮೂರು ಮೆಟ್ಟಿಲಿತ್ತು. ಅವಳು ಹೋಗಲಾಗದ ಒಂದೇ ಜಾಗ. ಗೆದ್ದಲು ಹತ್ತಿರಲಿಲ್ಲ. ಯಾರೋ ವರ್ಷವರ್ಷವೂ ಎಣ್ಣೆ ಸವರಿದ್ದರು.

ಒಳಗಿನಿಂದ ಸಣ್ಣ ದನಿ ಕೇಳಿತು. ಶ್ರೇಯಾಂಸ ಗುನುಗುತ್ತಿದ್ದ. ಯಾವ ಹಾಡೆಂದು ಗೊತ್ತಾಗಲಿಲ್ಲ. ಅವನು ಗುನುಗುತ್ತಾನೆ ಎಂಬುದನ್ನೇ ಅವಳು ಮರೆತಿದ್ದಳು.

ಕುರ್ಚಿ ಹಿಂದೆ ಸರಿಸಿದಳು. ಗಾಲಿ ಕಿರ್ ಎಂದಿತು. ಒಳಗೆ ದನಿ ನಿಂತಿತು. ಅವಳು ಅಲ್ಲಾಡದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಜೈನರ ಪದ್ಧತಿ, ಹೊತ್ತು ಮುಳುಗುವ ಮುಂಚೆ ಊಟವಾಗಬೇಕು. ಶ್ರೇಯಾಂಸ ಒಳಗೆ ಮೇಜಿಗೆ ಕೂತ. ಅವಳ ತಟ್ಟೆ ಹಿಡಿದು ಬಂದ ದ್ಯಾವಯ್ಯ ಬಾಗಿಲಲ್ಲಿ ನಿಂತ.

"ಹೊಸ್ಲಾಚೆಯಿಂದ ಕೊಡಬಾರ್ದು. ತಡೀರಿ, ದಾಟಿ ಬತ್ತೀನಿ."

ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅದರ ಬಿಸಿ ತೊಡೆಗೆ ತಿಳಿಯಲಿಲ್ಲ. ಮರಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಒಳಗೆ ಅವನು ನಿಧಾನವಾಗಿ, ರುಚಿ ನೋಡಿ ಉಣ್ಣುವ ಸದ್ದು. ಬೆಳಕು ಹೋಯಿತು. ತಟ್ಟೆ ಹಾಗೇ ಇತ್ತು.

"ಉಂಡೆಯಾ?" ಒಳಗಿನಿಂದ ಕೇಳಿದ.

"ಹೂಂ."

ದ್ಯಾವಯ್ಯ ತುಂಬಿದ ತಟ್ಟೆ ನೋಡಿದ, ಎತ್ತಿಕೊಂಡು ಹೋದ. ಮರಳಿ ಬಂದಾಗ ಅವನ ಕೈಯಲ್ಲಿ ಹಚ್ಚಿದ ಹಣತೆಯಿತ್ತು.

"ಹೊಸ್ಲು ಅಂದ್ಮ್ಯಾಕೆ ದೀಪ ಬ್ಯಾಡ್ವಾ? ಹೆಣ್ಮಕ್ಳು ಇಡಬೇಕು. ನೀವೇ ಇಡಿ ತಾಯಿ."

ಅವಳು ಕುರ್ಚಿಯನ್ನು ಬಾಗಿಲಿಗೆ ಅಡ್ಡಲಾಗಿ ತಿರುಗಿಸಿದಳು. ಒಂದು ಕೈಯಲ್ಲಿ ಕುರ್ಚಿಯ ತೋಳು ಬಿಗಿಹಿಡಿದು ಬಗ್ಗಿದಳು. ತುದಿಯ ಕಲೆಯವರೆಗೆ ಕೈ ಎಟುಕಲಿಲ್ಲ. ಹೊಸ್ತಿಲ ನಟ್ಟನಡುವೆ ಇಟ್ಟಳು.

ಒಳಗೆ ಮತ್ತೆ ಶುರುವಾಗಿದ್ದ ಗುನುಗು ನಿಂತಿತು. ಶ್ರೇಯಾಂಸ ಕೈ ತೊಳೆಯಲು ಹೊರಗೆ ಹೊರಟವನು ಬಾಗಿಲಲ್ಲಿ ನಿಂತ. ಹಚ್ಚಿದ ದೀಪವನ್ನು ಯಾರೂ ದಾಟುವುದಿಲ್ಲ. ಅದರಾಚೆ ಕುರ್ಚಿ, ಬಾಗಿಲಿನಷ್ಟೇ ಅಗಲಕ್ಕೆ.

"ಅದನ್ನ ಸರಿಸು, ಮಾಲಾ."

ಅವಳು ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವನು ಬಗ್ಗಿದರೆ ಅವನ ಕೈಗೂ ಎಟುಕುತ್ತಿತ್ತು. ಅವನ ಬೆರಳುಗಳಿಗೆ ಅಂಟಿದ ಅನ್ನ ಒಣಗುತ್ತಿತ್ತು.

ಗಾಳಿ ಬೀಸಿತು. ಹಣತೆ ಸ್ವಲ್ಪ ವಾಲಿತು. ಎಣ್ಣೆ ಮರದ ಮೇಲೆ ಹರಿಯಿತು, ಅದರ ಹಿಂದೆ ಉರಿ. ಇಬ್ಬರೂ ಅದನ್ನೇ ನೋಡುತ್ತಿದ್ದರು.