ಒತ್ತಿ ಹಿಡಿದ ಹೆಬ್ಬೆರಳು

"ಬೆರಳು ತೆಗೀಬೇಡ ಕಣೇ ಮುಂಡೇದೇ! ನೆಲವೆಲ್ಲ ಹೊಲಸು ಮಾಡಿಟ್ಟೆ ನೋಡು. ಒರೆಸೋಕೆ ನಿಮ್ಮಪ್ಪ ಆಳಿಟ್ಟಿದ್ದಾನಾ?"

ಡಯಾಲಿಸಿಸ್ ಸೂಜಿ ಕಿತ್ತ ಟೆಕ್ನೀಷಿಯನ್ ಬೈಯುತ್ತಲೇ ಮುಂದಿನ ಕುರ್ಚಿಗೆ ಹೋದ. ಸೋಪಕ್ಕ ಎಡಗೈಯ ತೂತಿನ ಮೇಲೆ ಹತ್ತಿಯಿಟ್ಟು, ಬಲಗೈ ಹೆಬ್ಬೆರಳು ಒತ್ತಿ ಕೂತಳು. ಒರೆಸುವ ಆಳು ಬೇರೆ ಯಾರು? ಆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಂಡವರ ರಕ್ತ, ಕೀವು, ಉಚ್ಚೆ ತಿಕ್ಕುತ್ತಿದ್ದವಳು ಅವಳೇ. ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಮೂರು ದಿನ ಯಂತ್ರದ ಪಕ್ಕ ಕೂತು, ಉಳಿದ ದಿನ ಒಗೆಯುತ್ತಿದ್ದಳು.

ಮೊದಲೆಲ್ಲ ಹತ್ತು ನಿಮಿಷಕ್ಕೆ ರಕ್ತ ನಿಲ್ಲುತ್ತಿತ್ತು. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟ ಮೇಲೆ ಮುಕ್ಕಾಲು ಗಂಟೆಯಾದರೂ ನಿಲ್ಲದು. ದೊಡ್ಡ ಡಾಕ್ಟರು ಡಯಾಲಿಸಿಸ್‌ನವರಲ್ಲೇ ಹನ್ನೊಂದು ಮಂದಿಗೆ ಸ್ಟೆಂಟ್ ಹಾಕಿದ್ದರು. ಉಳಿದವರಿಗೆಲ್ಲ ಆಸ್ಪತ್ರೆಯ ಬಿಟ್ಟಿ ಮಾತ್ರೆ ತಿಂಗಳಿಗೇ ನಿಂತಿತು. ಸೋಪಕ್ಕನಿಗೆ ಮಾತ್ರ ನಿಲ್ಲಲಿಲ್ಲ. ಹೊರಗಿನ ಡಾಕ್ಟರುಗಳ ಸಭೆಯಲ್ಲಿ ವಾಸಿಯಾದವಳೆಂದು ತೋರಿಸಲು ಒಬ್ಬಳಾದರೂ ಬೇಕಲ್ಲ!

ಸೂಪರಿಂಟೆಂಡೆಂಟ್ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತ.

"ಏಳು, ಏಳು. ಸಭೆ ಶುರುವಾಯ್ತು. ವೇದಿಕೆ ಮೇಲೆ ಏನು ಹೇಳ್ಬೇಕು?"

"ಚೆನ್ನಾಗಿದ್ದೀನಿ ಅಂತ."

"ಆಮೇಲೆ?"

"ಡಾಕ್ಟ್ರು ದೇವ್ರು ಅಂತ. ಸಾರ್, ಇನ್ನೂ ರಕ್ತ ನಿಂತಿಲ್ಲ."

"ಒತ್ಕೊಂಡೇ ಬಾ. ಬಾಯಿ ಜಾರಿತೋ, ನಾಳಿದ್ದು ಈ ಕುರ್ಚಿ ಬೇರೆಯವರದ್ದು. ಕಾಯ್ತಾ ಇರೋರು ಇಪ್ಪತ್ತು ಜನ ಇದ್ದಾರೆ, ಗೊತ್ತಲ್ಲ?"

ಗೊತ್ತಿತ್ತು. ಕುರ್ಚಿ ಹೋದರೆ ಒಂದು ವಾರ, ಹೆಚ್ಚೆಂದರೆ ಎರಡು. ಮೈಯೆಲ್ಲ ನೀರು ತುಂಬಿ ಊದಿಕೊಂಡು ಸಾಯುವವರನ್ನು ಅವಳು ನೋಡಿದ್ದಳು.

ಸಭಾಂಗಣದ ತುಂಬ ಸೆಂಟಿನ ವಾಸನೆ. ಮುಂದಿನ ಸಾಲಿನವರು ಉಂಡು ಬಂದು ಹಲ್ಲು ಕೆದಕುತ್ತಿದ್ದರು. ಮೇಜಿನ ಬಿಳಿ ಬಟ್ಟೆ, ದೊಡ್ಡ ಡಾಕ್ಟರ ಕೋಟು, ಎರಡೂ ಅವಳೇ ಒಗೆದು ಗಂಜಿ ಹಾಕಿದ್ದು. ಕೀವಿನ ಬಟ್ಟೆ ಮುಟ್ಟಿದಾಗಲೂ ಅವಳಿಗೆ ಇಷ್ಟು ಅಸಹ್ಯವಾಗಿರಲಿಲ್ಲ.

"ಸ್ಟೆಂಟ್ ಹನ್ನೊಂದು. ಸಾವು ಸೊನ್ನೆ. ತಪಾಸಣೆಗೆ ಮರಳಿ ಬಾರದವರು ಏಳು," ಎಂದು ದೊಡ್ಡ ಡಾಕ್ಟರು ಪರದೆ ನೋಡಿ ಓದಿದರು. "ಏನ್ಮಾಡೋದು, ಈ ಜನವೇ ಹಾಗೆ. ವಾಸಿಯಾದ್ರೆ ಈ ಕಡೆ ತಲೆ ಹಾಕಿಯೂ ಮಲಗಲ್ಲ."

ಸಭೆ ಗೊಳ್ಳೆಂದಿತು.

ಬಾರದವರಂತೆ! ಆ ಏಳರಲ್ಲೊಬ್ಬ, ಗಾರೆ ಕೆಲಸದವನು, ಅವಳ ಪಕ್ಕದ ಕುರ್ಚಿಯಲ್ಲೇ, "ಅಕ್ಕಾ, ಎದೆ ಮೇಲೆ ಸಿಮೆಂಟ್ ಚೀಲ ಇಟ್ಟಂಗಿದೆ" ಎನ್ನುತ್ತ ಪ್ರಾಣ ಬಿಟ್ಟಿದ್ದ. ಮಾತ್ರೆ ನಿಂತು ಹನ್ನೆರಡನೇ ದಿನ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ಅವನ ವಾಂತಿ ಹತ್ತಿದ ಹಾಸನ್ನು ತಿಕ್ಕಿದವಳು ಇವಳೇ. ಸತ್ತ ಉಳಿದ ಆರು ಜನರ ಹಾಸುಗಳನ್ನೂ.

"ಹೇಳಮ್ಮಾ, ಹೇಗಿದ್ದೀಯ?" ದೊಡ್ಡ ಡಾಕ್ಟರು ಅವಳನ್ನು ವೇದಿಕೆಗೆ ಕರೆಸಿ ಬಾಯಿಯ ಹತ್ತಿರ ಮೈಕು ಹಿಡಿದರು.

"ನಾನು ಬದುಕಿದ್ದೀನಿ. ಆ ಏಳು ಜನ ಬರ್ಲಿಲ್ಲ ಅಂತೀರಲ್ಲ, ಸತ್ತೋರು ಎಲ್ಲಿಂದ ಬರ್ತಾರೆ? ಮಾತ್ರೆ ನಿಲ್ಸಿ ಸಾಯ್ಸಿದ್ರಿ. ಅವರ ಹಾಸು ಒಗೆದೋಳು ನಾನು. ಥೂ, ನಿಮ್ಮ ಬಾಯಿಗೆ ಮಣ್ಣು ಹಾಕ!"

"ಮೈಕ್ ಕಿತ್ಕೊಳ್ರೋ!" ಸೂಪರಿಂಟೆಂಡೆಂಟ್ ಓಡಿಬಂದ.

ಮೈಕು ಕಿತ್ತುಕೊಂಡರೇನು, ಕೈಯಿದೆಯಲ್ಲ. ಸೋಪಕ್ಕ ಎಡಗೈಯನ್ನು ಮೇಜಿನ ಮೇಲೆ ಚಾಚಿ ಹೆಬ್ಬೆರಳು ಎತ್ತಿದಳು.

ರಕ್ತ ಚಿಮ್ಮಿತು. ಗಂಜಿ ಹಾಕಿದ ಬಟ್ಟೆಗೆ, ಹೂಗುಚ್ಛಕ್ಕೆ, ಡಾಕ್ಟರ ಕೋಟಿನ ಎದೆಗೆ. ಮುಂದಿನ ಸಾಲು ಕುರ್ಚಿ ಬೀಳಿಸಿ ಎದ್ದಿತು. ಹಲ್ಲು ಕೆದಕುತ್ತಿದ್ದವನೊಬ್ಬ ಉಂಡಿದ್ದನ್ನೆಲ್ಲ ಬೂಟಿನ ಮೇಲೆ ಕಾರಿಕೊಂಡ. ಸಾಕೆನಿಸಿದಾಗ ಅವಳು ಹೆಬ್ಬೆರಳನ್ನು ಮತ್ತೆ ಒತ್ತಿಕೊಂಡಳು.

"ಹೋಯ್ತು ನಿನ್ನ ಕುರ್ಚಿ, ಬೇವರ್ಸಿ!" ಸೂಪರಿಂಟೆಂಡೆಂಟ್ ಅರಚಿದ.

"ಹೋಗ್ಲಿ ಬಿಡಿ. ನನ್ನನ್ನೂ ಬರ್ಲಿಲ್ಲ ಅಂತ ಬರ್ಕೊಳ್ಳಿ."

ದೊಡ್ಡ ಡಾಕ್ಟರು ಕೋಟು ಬಿಚ್ಚಿ ಉಜ್ಜುತ್ತ ಕಿರುಚುತ್ತಿದ್ದರು. "ಬಿಸಿನೀರು! ಕುದಿಯೋ ನೀರು ತನ್ನಿ ಯಾರಾದ್ರೂ!"

ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರು ಬಿತ್ತೋ, ಬಟ್ಟೆ ಹರಿದರೂ ಕಲೆ ಹೋಗದು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವಳು ಸೋಪಕ್ಕ ಒಬ್ಬಳೇ. ಕುದಿಯುವ ನೀರು ಬಂದು ಕೋಟಿನ ಮೇಲೆ ಬೀಳುವವರೆಗೂ ಅವಳು ತುಟಿ ಎರಡು ಮಾಡದೆ ನಿಂತಿದ್ದಳು.