ತಾಮ್ರದ ಬಣ್ಣ

ಶೋಭಾ ಮಿಕ್ಸರನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಾಗ ಅಮರಯ್ಯನವರು ಪೇಪರು ಓದುತ್ತ ಕೂತಿದ್ದರು. ಸನತ್‌ನಗರದಿಂದ ಕೂಕಟ್‌ಪಲ್ಲಿಯವರೆಗೆ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಟವೆಲ್ಲು ಬಿಚ್ಚುವ ಮೊದಲೇ ಸುಟ್ಟ ವಾಸನೆ ಮನೆ ತುಂಬಿತು.

"ಹತ್ತೊಂಬತ್ತು ದಿನಕ್ಕ ಹೋತ್ರಿ ಅಕ್ಕಾರ," ಎಂದಳು ಅಮರಯ್ಯನವರ ಹೆಂಡತಿ ಅಂಬುಬಾಯಿಗೆ. "ಪಾವ್ ಕಿಲೋ ಶೇಂಗಾ ಹಾಕಿದ್ದೆ. ಹೊಗಿ ಬಂತು, ನಿಂತ್ ಬಿಡ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅಂಬುಬಾಯಿ ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, "ನಿಮ್ಮ ಸಿಂಚನಾನ ಮಿಕ್ಸರ್ ಇನ್ನೂ ಚಲೋ ಓಡಾಕತ್ತೈತೇನ್ರಿ?" ಎಂದು ಕೇಳಿದಳು, ಅಷ್ಟೆ.

ಸಿಂಚನಾ ಅಮರಯ್ಯನವರ ತಂಗಿಯ ಮಗಳು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ಅಡುಗೆಮನೆಯ ಸಾಮಾನುಗಳನ್ನು ಪರೀಕ್ಷಿಸಿ, ಯಾವುದು ಕೊಳ್ಳಬಹುದು, ಯಾವುದು ಬೇಡ ಎಂದು ಕನ್ನಡದಲ್ಲಿ ವಿಡಿಯೋ ಮಾಡುತ್ತಿದ್ದಳು. ಎರಡು ಲಕ್ಷದ ಹತ್ತಿರ ಜನ ಅವಳ ಚಾನೆಲ್ಲಿಗೆ ಸೇರಿದ್ದರು. ತ್ರಿಯಾನ ಎಂಬ ಹೊಸ ಕಂಪನಿಯ ಮಿಕ್ಸರ್ ಅಂಗಡಿಗೆ ಬಂದ ದಿನವೇ ಅವಳ ವಿಡಿಯೋವೂ ಬಂದಿತ್ತು. ಅರ್ಧ ಕಿಲೋ ಹುರಿದ ಶೇಂಗಾ, ಮೂರು ಸಲ, ನಡುವೆ ಬಿಡುವಿಲ್ಲದೆ. ಕೊನೆಗೆ ಮಿಕ್ಸರಿನ ಮೈಮೇಲೆ ಅಂಗೈ ಇಟ್ಟು, "ನೋಡ್ರಿ, ಬೆಚ್ಚಗೂ ಆಗಿಲ್ಲ" ಎಂದಿದ್ದಳು. ಆ ವಿಡಿಯೋವನ್ನು ಶೋಭಾಗೆ ತೋರಿಸಿದವರು ಅಂಬುಬಾಯಿಯೇ. ಶೋಭಾ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿ ಮಾಡಿ ರೊಟ್ಟಿ ಊಟದ ಹೋಟೆಲೊಂದಕ್ಕೆ ಕೊಡುತ್ತಿದ್ದಳು. ಬೇಗಂ ಬಜಾರಿನಲ್ಲಿ ನಾಲ್ಕು ಅಂಗಡಿ ಅಲೆದು ಅದೇ ಮಿಕ್ಸರನ್ನು ಹುಡುಕಿ ತಂದಿದ್ದಳು.

ಕಂಪನಿಯ ಸರ್ವಿಸ್ ಸೆಂಟರಿನವನು ಅದನ್ನು ಮುಟ್ಟಿಯೂ ನೋಡಲಿಲ್ಲವಂತೆ. "ಓವರ್‌ಲೋಡ್ ಅಮ್ಮಾ, ವಾರಂಟಿ ರಾದು" ಎಂದು ತೆಲುಗಿನಲ್ಲಿ ಹೇಳಿ, ವಾರಂಟಿ ಕೊಡದೆ ಕಳಿಸಿಬಿಟ್ಟಿದ್ದ.

"ಬಿಟ್ಟು ಹೋಗವ್ವಾ. ನಾ ನೋಡತೀನಿ," ಎಂದರು ಅಮರಯ್ಯನವರು.

ಮೂವತ್ತೊಂದು ವರ್ಷ ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಹೊರಗಿನ ಸಣ್ಣ ಕಾರ್ಖಾನೆಗಳಿಂದ ಬರುವ ಬಿಡಿಭಾಗಗಳನ್ನು ಅಳೆದು, ತೂಗಿ, ಪಾಸು ಮಾಡುವುದು ಇಲ್ಲವೇ ವಾಪಸು ಕಳಿಸುವುದು ಅವರ ಕೆಲಸ. ನೆಲದ ಮೇಲೆ ಪೇಪರು ಹಾಸಿ ಮಿಕ್ಸರನ್ನು ಬೋರಲು ಮಲಗಿಸಿ ನಾಲ್ಕು ಸ್ಕ್ರೂ ಬಿಚ್ಚಿದರು. ಮೋಟಾರಿನ ಸುತ್ತು ಒಂದು ಕಡೆ ಕರ್ರಗೆ ಸೀದುಹೋಗಿತ್ತು. ಸೀಯದ ಕಡೆಯ ತಂತಿ ಹೊಳೆಯುವ ಕೆಂಗಂದು. ಡಬ್ಬಿಯ ಮೇಲೆ 'ಶುದ್ಧ ತಾಮ್ರದ ಮೋಟಾರು' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಅಮರಯ್ಯನವರು ಚಾಕುವಿನ ತುದಿಯಿಂದ ಒಂದು ಎಳೆಯನ್ನು ಹೆರೆದರು. ಒಳಗೆ ಬೆಳ್ಳಗಿತ್ತು.

"ಏನ್ರಿ ಅದು?" ಅಂಬುಬಾಯಿ ಬಗ್ಗಿ ನೋಡಿದರು.

"ಅಲ್ಯೂಮಿನಿಯಂ. ಮ್ಯಾಲೆ ತಾಮ್ರದ ಬಣ್ಣ ಕೊಟ್ಟಾರ."

"ಸಿಂಚೂಗ ಇದು ಗೊತ್ತಿರಲಿಕ್ಕಿಲ್ಲ ಬಿಡ್ರಿ."

ಅಮರಯ್ಯನವರು ಇನ್ನೊಂದು ಎಳೆಯನ್ನು ಹೆರೆದು ನೋಡಿದರು. ಗೊತ್ತಿದ್ದೂ ಹೇಳಿದ್ದರೆ ಅದು ಒಂದು ಬಗೆ. ಗೊತ್ತಿಲ್ಲದೆ ಹೇಳಿದ್ದರೆ ಇನ್ನೊಂದು ಬಗೆ. ಎರಡರಲ್ಲಿ ಯಾವುದೂ ಅವರಿಗೆ ಹಿತವೆನಿಸಲಿಲ್ಲ.

ಭಾನುವಾರ ಸಿಂಚನಾ ಎಂದಿನಂತೆ ರೊಟ್ಟಿ ಊಟಕ್ಕೆ ಬಂದಳು. ಎರಡನೆಯ ರೊಟ್ಟಿ ಮುರಿಯುವಾಗ ಅವರು ಕೇಳಿದರು, "ಆ ಮಿಕ್ಸರ್ ಎಲ್ಲಿ ತಗೊಂಡ್ಯವ್ವಾ?"

"ತಗೊಳ್ಳೂದೇನು ಮಾವಾ, ಅವರೇ ಕಳಿಸತಾರ. ಅಂಗಡಿಗೆ ಬರೂಕಿಂತ ಒಂದು ವಾರ ಮೊದಲ. ಆಗ ಮೊದಲನೇ ದಿನಾನೇ ವಿಡಿಯೋ ಹಾಕಾಕ ಬರತೈತಿ. ಹದಿನೈದು ದಿನ ಬಿಟ್ಟು ಹಾಕಿದ್ರ ಯಾರೂ ನೋಡಂಗಿಲ್ಲ."

"ಇಂಥಾದ್ದು ಹೇಳು ಅಂತಾರೇನು?"

"ಇಲ್ಲ. ಇವತ್ತಿನ ತನಕ ಒಬ್ಬರೂ ಒಂದು ಮಾತು ಹೇಳಿಲ್ಲ." ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಹೇಳಿದ್ರ ನಾ ಕೇಳಂಗೂ ಇಲ್ಲ."

"ಯಾವುದಕ್ಕರ ಚಲೋ ಇಲ್ಲ ಅಂದೀಯೇನು?"

"ಅಂದೀನಿ. ಆ ಎಣ್ಣಿ ಇಲ್ದಂಗ ಕರಿಯೂ ಮಷೀನು ಭಾಳ ಸದ್ದು ಮಾಡತೈತಿ ಅಂದಿದ್ದೆ."

"ಆಮ್ಯಾಲ ಅವರು ಮತ್ತೇನರ ಕಳಿಸಿದರೇನು?"

ಸಿಂಚನಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಇಲ್ಲ," ಎಂದಳು. ಆಮೇಲೆ, "ಮಾವಾ, ನನ್ನ ಮ್ಯಾಲೆ ಸಂಶಯ ಐತೇನು ನಿಮಗ?"

"ಹೌದು," ಎಂದರು ಅಮರಯ್ಯನವರು.

ಅಂಬುಬಾಯಿ ಒಲೆಯ ಮುಂದಿನಿಂದ ತಿರುಗಿ ನೋಡಿದರು. ಅಮರಯ್ಯನವರು ಎದ್ದು ಹೋಗಿ ಸುಟ್ಟ ಮೋಟಾರನ್ನು ತಂದು ಅವಳ ಮುಂದಿಟ್ಟರು. ಶೋಭಾಳ ಸಂಗತಿ ಹೇಳಿದರು. "ನಿನ್ನದನ್ನೂ ಒಮ್ಮೆ ಬಿಚ್ಚಿ ನೋಡೂಣು" ಎಂದರು. ಸಿಂಚನಾ ಮೋಟಾರನ್ನು ಮುಟ್ಟಲಿಲ್ಲ. ಬೇಗಂ ಬಜಾರಿನಲ್ಲಿ ನಕಲಿ ಮಾಲು ಬೇಕಾದಷ್ಟು ಸಿಗುತ್ತದೆ, ಶೋಭಾಗೆ ಯಾರೋ ಟೋಪಿ ಹಾಕಿದ್ದಾರೆ ಎಂದಳು. ಊಟ ಮುಗಿಸಿ ತಟ್ಟೆ ತೊಳೆದಿಟ್ಟು, ಹೋಗಿ ಬರುತ್ತೇನೆಂದು ಅತ್ತೆಗೆ ಮಾತ್ರ ಹೇಳಿ ಹೊರಟುಹೋದಳು.

"ಮನಿ ಹುಡುಗೀನ ಊಟಕ್ಕ ಕರದು ವಿಚಾರಣಿ ಮಾಡ್ತೀರಿ," ಎಂದು ಅಂಬುಬಾಯಿ ಸಂಜೆಯವರೆಗೆ ಮಾತು ಬಿಟ್ಟರು.

ಅಮರಯ್ಯನವರಿಗೆ ಎರಡು ದಿನ ಸಮಾಧಾನವಿರಲಿಲ್ಲ. ಹುಡುಗಿ ಸುಳ್ಳು ಹೇಳುವವಳಲ್ಲ. ಚಿಕ್ಕಂದಿನಲ್ಲಿ ಕಳ್ಳತನದಲ್ಲಿ ಬೆಲ್ಲ ತಿಂದರೂ ತಾನೇ ಬಂದು ಹೇಳುತ್ತಿದ್ದಳು. ಹಾಗಿದ್ದೂ ಅವರ ಸಂಶಯ ಇಳಿಯಲಿಲ್ಲ; ಯಾಕೆಂದರೆ ಒಂದು ಕಾಲಕ್ಕೆ ಅವರೂ ಸುಳ್ಳು ಹೇಳುವವರಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಮೆಟ್ರೋ ಹತ್ತಿ ಎರಡು ನಿಲ್ದಾಣದಾಚೆ ಇದ್ದ ಅವಳ ಫ್ಲ್ಯಾಟಿಗೆ ತಾವೇ ಹೋದರು. ಅವತ್ತು ಅವಳಿಗೆ ಮನೆಯಿಂದಲೇ ಕೆಲಸ. ಬಾಗಿಲು ತೆರೆದವಳು ಮುಖ ನೋಡದೆ ಚಹಾ ಇಟ್ಟಳು. ಗೋಡೆಯುದ್ದಕ್ಕೂ ಡಬ್ಬಿಗಳು: ಕುಕ್ಕರು, ಇಂಡಕ್ಷನ್ ಒಲೆ, ಟೋಸ್ಟರು, ನೀರು ಕಾಯಿಸುವ ಕೆಟಲ್ಲು.

"ನಿನಗೊಂದು ಹೇಳಬೇಕಾಗೇತಿ," ಎಂದರು. "ನಿಮ್ಮ ಅತ್ತಿಗೂ ಹೇಳಿಲ್ಲ."

ಅವರ ಕಾರ್ಖಾನೆಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಸೀಲುಗಳನ್ನು ಕೊಡುವ ಒಬ್ಬ ಮಾಲೀಕನಿದ್ದ. ಒಳ್ಳೆಯ ಮನುಷ್ಯ. ಒಂದು ರೂಪಾಯಿ ಲಂಚದ ಮಾತು ಎಂದೂ ಆಡಿದವನಲ್ಲ. ಮಾಲು ನೋಡಲು ಹೋದಾಗ ಕಾರು ಕಳಿಸುತ್ತಿದ್ದ, ಮಗಳ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ, ಅಮರಯ್ಯ ಸಾಹೇಬರು ಪಾಸು ಮಾಡಿದ್ದೆಂದರೆ ಚಿನ್ನ ಎಂದು ನಾಲ್ಕು ಜನರೆದುರು ಹೇಳುತ್ತಿದ್ದ. ಬಂದ ರಾಶಿಯ ನಡುವಿನಿಂದ ತಾವೇ ಕೈಹಾಕಿ ಮಾದರಿ ತೆಗೆಯಬೇಕು ಎನ್ನುವುದು ನಿಯಮ. ಒಂದು ಸಲ ಆ ಮಾಲೀಕನ ಆಳು ಮೇಲಿನ ಟ್ರೇ ಎತ್ತಿ ಮುಂದೆ ಹಿಡಿದ. ಇವರು ಅದರಿಂದಲೇ ಹತ್ತು ಸೀಲು ತೆಗೆದುಕೊಂಡು ಅಳೆದರು. ಹತ್ತೂ ಸರಿಯಿದ್ದವು. ಎರಡು ತಿಂಗಳ ಮೇಲೆ ಒತ್ತಡದ ಪರೀಕ್ಷೆಯಲ್ಲಿ ಆ ರಾಶಿಯ ಸೀಲುಗಳು ಒಂದರ ಹಿಂದೊಂದು ಸೀಳಿಹೋದವು. ಪರೀಕ್ಷೆಗೆ ನಿಂತ ಒಬ್ಬನ ಮುಂಗೈಗೆ ಬಿಸಿ ಎಣ್ಣೆ ಸಿಡಿಯಿತು.

"ನನ್ನ ಹೆಸರು ಎಲ್ಲೂ ಬರಲಿಲ್ಲ. ಕಾಗದದಾಗ ಎಲ್ಲಾ ಬರೋಬ್ಬರಿ ಇತ್ತು," ಎಂದರು ಅಮರಯ್ಯನವರು. "ನನಗೂ ಯಾರೂ ಒಂದು ಮಾತು ಹೇಳಿದ್ದಿಲ್ಲವ್ವಾ. ಆ ಟ್ರೇ ಬ್ಯಾಡ ಅಂತ ಅನ್ನಾಕ ನನಗ ನಾಚಿಕಿ ಬಂತು, ಅಷ್ಟ."

ಸಿಂಚನಾ ಚಹಾದ ಕಪ್ಪನ್ನು ಕೆಳಗಿಟ್ಟಳು. ಎದ್ದು, ಅಡುಗೆಮನೆಯಿಂದ ತನ್ನ ಮಿಕ್ಸರನ್ನು ತಂದು ಅವರ ಮುಂದಿಟ್ಟಳು. "ಬಿಚ್ಚರಿ."

ಬಿಚ್ಚಿದರು. ಹೆರೆದರು. ಕೆಂಪಗೇ ಇತ್ತು. ಇನ್ನೊಂದು ಕಡೆ ಹೆರೆದರು. ಅಲ್ಲಿಯೂ ಅಪ್ಪಟ ತಾಮ್ರ.

"ನೋಡಿದ್ರ್ಯಾ?" ಎಂದಳು ಸಿಂಚನಾ. ಮುಖ ಒಂದು ಗಳಿಗೆ ಅರಳಿತು. ಅಮರಯ್ಯನವರು ಚೀಲದಿಂದ ಶೋಭಾಳ ಮೋಟಾರನ್ನು ತೆಗೆದು ಪಕ್ಕದಲ್ಲಿಟ್ಟರು. ಅದೇ ಮಾದರಿ, ಅದೇ ಚೀಟಿ. ಸಿಂಚನಾಳ ಮುಖ ನಿಧಾನವಾಗಿ ಇಳಿಯಿತು.

"ಶೋಭಕ್ಕಂದು ನಕಲಿ ಇರಬಹುದಲ್ರಿ," ಎಂದಳು. ಆದರೆ ಈ ಸಲ ಅವಳು ತನ್ನನ್ನೇ ಕೇಳಿಕೊಂಡಂತಿತ್ತು.

"ಇರಬಹುದು. ಅದನ್ನೂ ನೋಡೂಣು."

ಅವತ್ತು ಸಂಜೆ ಇಬ್ಬರೂ ಕೂಕಟ್‌ಪಲ್ಲಿಯಲ್ಲಿದ್ದ ತ್ರಿಯಾನದ ಸ್ವಂತ ಮಳಿಗೆಗೆ ಹೋಗಿ ಒಂದು ಮಿಕ್ಸರ್ ಕೊಂಡರು. ಇನ್ನೊಂದನ್ನು ಸಿಂಚನಾ ಕಂಪನಿಯ ವೆಬ್‌ಸೈಟಿನಿಂದಲೇ ತರಿಸಿದಳು. ಶನಿವಾರ ಎರಡನ್ನೂ ಬಿಚ್ಚಿದರು. ಈ ಸಲ ಚಾಕು ಹಿಡಿದವಳು ಸಿಂಚನಾ. ಮೊದಲನೆಯದು ಬೆಳ್ಳಗೆ. ಎರಡನೆಯದೂ ಬೆಳ್ಳಗೆ.

ಅವಳು ಕೈ ಒರೆಸಿಕೊಂಡು ದಿನೇಶನಿಗೆ ಫೋನ್ ಮಾಡಿದಳು. ದಿನೇಶ ತ್ರಿಯಾನದ ಪ್ರಚಾರ ವಿಭಾಗದವನು, ಬೆಂಗಳೂರಿನವನು. ಅವಳಿಗೆ ಮಿಕ್ಸರ್ ಕಳಿಸಿದ್ದವನು ಅವನೇ. ಮಾವನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

ದಿನೇಶ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. "ಮೇಡಂ, ನೀವು ಹೇಳಿದ್ದು ಒಳ್ಳೇದಾಯ್ತು. ಕೆಲವು ಬ್ಯಾಚ್‌ನಲ್ಲಿ ಸಪ್ಲೈಯರ್ ಚೇಂಜ್ ಆಗಿದೆ ಅನ್ಸುತ್ತೆ. ನಿಮ್ಮ ಪರಿಚಯದವರಿಗೆ ನಾಳೆನೇ ಹೊಸ ಪೀಸ್ ಕಳಿಸ್ತೀನಿ, ನಾನೇ ನೋಡಿ ಕಳಿಸ್ತೀನಿ."

"ಬಾಕಿ ಜನರದು?"

"ಅದನ್ನ ನಮ್ಮ ಇಂಜಿನಿಯರ್ಸ್ ನೋಡ್ತಾರೆ. ಅಲ್ಲೀವರೆಗೂ ವಿಡಿಯೋ ಏನೂ ಹಾಕ್ಬೇಡಿ, ಪ್ಲೀಸ್. ನಾನು ಹಾಕ್ಲೇಬೇಡಿ ಅಂತಿಲ್ಲ, ಸ್ವಲ್ಪ ಟೈಮ್ ಕೊಡಿ ಅಂತಿದೀನಿ. ಆಮೇಲೆ ಮುಂದಿನ ತಿಂಗಳು ನಮ್ಮ ಫ್ಯಾಕ್ಟರಿ ನೋಡೋಕೆ ಆರು ಜನರನ್ನ ಕರೀತಿದೀವಿ. ಕನ್ನಡದಿಂದ ನಿಮ್ಮೊಬ್ಬರದೇ ಹೆಸರು ಕೊಟ್ಟಿದೀನಿ."

ಫೋನ್ ಇಟ್ಟ ಮೇಲೆ ಸಿಂಚನಾ, "ಭಾಳ ಚಲೋ ಮಾತಾಡ್ತಾನ," ಎಂದಳು.

"ಹೌದು," ಎಂದರು ಅಮರಯ್ಯನವರು. ವಿಡಿಯೋ ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮೆಟ್ರೋದಲ್ಲಿ ಮನೆಗೆ ಬರುವಾಗ ಅವಳು ಹಾಕಲಾರಳು ಎಂದೇ ಅವರಿಗೆ ಅನ್ನಿಸಿತ್ತು.

ಅವಳು ಹತ್ತು ದಿನ ಕಾದಳು. ದಿನೇಶನಿಂದ ಶೋಭಾಗೆ ಹೊಸ ಮಿಕ್ಸರ್ ಬಂತು, ಸಿಂಚನಾಳಿಗೆ ಫ್ಯಾಕ್ಟರಿ ಭೇಟಿಯ ವಿಮಾನದ ವಿವರ ಬಂತು, ಇಂಜಿನಿಯರುಗಳ ಉತ್ತರ ಬರಲಿಲ್ಲ. ಹನ್ನೊಂದನೆಯ ದಿನ ಅವಳು ನಾಲ್ಕು ಮೋಟಾರುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ವಿಡಿಯೋ ಮಾಡಿದಳು. "ನಾ ನಿಮಗ ತೋರಿಸಿದ ಮಿಕ್ಸರ್ ಬ್ಯಾರೆ, ನಿಮ್ಮ ಮನಿಗೆ ಬಂದದ್ದು ಬ್ಯಾರೆ. ಅಂಗಡಿದು ಒಂದು ತಗೊಂಡು ನೋಡಬೇಕು ಅಂತ ನನಗ ಹೊಳೀಲಿಲ್ಲ. ಅದು ನನ್ನ ತಪ್ಪು," ಎಂದಳು. ಅಳಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ.

ಮೊದಲಿನ ವಿಡಿಯೋ ನೋಡಿದವರ ಕಾಲು ಭಾಗ ಜನ ಇದನ್ನು ನೋಡಿದರು. ಕೆಳಗೆ ಬಂದ ಮಾತುಗಳನ್ನು ಅಮರಯ್ಯನವರು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಬೇರೆ ಕಂಪನಿ ಎಷ್ಟು ಕೊಟ್ಟಿತು ಎಂದು ಒಬ್ಬ ಕೇಳಿದ್ದ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಇನ್ನೊಬ್ಬಳು. ಆ ಸಾಲನ್ನು ಅವರು ಎರಡು ಸಲ ಓದಿದರು. ದಿನೇಶ ಜಗಳವಾಡಲಿಲ್ಲ, ನೋಟೀಸು ಕಳಿಸಲಿಲ್ಲ. ತ್ರಿಯಾನದ ವಾಟ್ಸಾಪ್ ಗುಂಪಿನಿಂದ ಸಿಂಚನಾಳ ಹೆಸರು ಹೋಯಿತು, ಅಷ್ಟೇ. ತಿಂಗಳು ಕಳೆಯುವಷ್ಟರಲ್ಲಿ ಬೇರೆ ಎರಡು ಕಂಪನಿಗಳ ಪಾರ್ಸಲ್ಲುಗಳೂ ನಿಂತವು. ತ್ರಿಯಾನದ ಹೊಸ ಡಬ್ಬಿಗಳ ಮೇಲೆ 'ಶುದ್ಧ ತಾಮ್ರ' ಹೋಗಿ 'ಹೆಚ್ಚು ಸಾಮರ್ಥ್ಯದ ಸುತ್ತು' ಎಂದು ಬಂತು. ಫ್ಯಾಕ್ಟರಿಗೆ ಬೇರೊಬ್ಬ ಹುಡುಗ ಹೋಗಿ ಬಂದು, ಅಲ್ಲಿಯ ಊಟ ಬಹಳ ಚೆನ್ನಾಗಿತ್ತೆಂದು ವಿಡಿಯೋ ಮಾಡಿದ.

ಸಿಂಚನಾ ಚಾನೆಲ್ ಬಿಡಲಿಲ್ಲ. ಶೋಭಾಳ ಮನೆಗೆ ಹೋಗಿ ಕೂತು ಕೇಳಿಕೊಂಡಳು: ತಾನು ಕೊಂಡು ತಂದ ಸಾಮಾನನ್ನು ಒಂದು ತಿಂಗಳು ಶೋಭಾ ತನ್ನ ಚಟ್ನಿಪುಡಿಗೆ ಬಳಸಿ ಹೇಳಬೇಕು. ಶೋಭಾ ಕೂಡಲೇ ಒಪ್ಪಲಿಲ್ಲ. ಮಿಕ್ಸರ್ ಕೆಟ್ಟ ವಾರ ಹೋಟೆಲಿನವರು ಅರ್ಧ ಕೆಲಸವನ್ನು ಬೇರೆಯವಳಿಗೆ ಕೊಟ್ಟಿದ್ದರು, ಅದು ಮರಳಿ ಬಂದಿರಲಿಲ್ಲ.

"ನಾ ಆಡಿದ ಮಾತು ಒಂದೂ ಕತ್ತರಸಬಾರದು ನೋಡವ್ವಾ," ಎಂದಳು ಕೊನೆಗೆ.

ಹಾಗೆ ಶೋಭಾ ವಿಡಿಯೋದಲ್ಲಿ ಬರತೊಡಗಿದಳು. ಸೆರಗು ಸಿಕ್ಕಿಸಿಕೊಂಡು, ಕ್ಯಾಮೆರಾದ ಕಡೆ ನೋಡದೆ, "ಕೈ ಸುಡತೈತಿ ಇದು. ನಾ ಅಂತೂ ತಗೊಳಂಗಿಲ್ಲ" ಎನ್ನುತ್ತಿದ್ದಳು. ಜನಕ್ಕೆ ಅದು ಹಿಡಿಸಿತು. ನೋಡುವವರು ಮೆಲ್ಲಗೆ ಹೆಚ್ಚಿದರು. ಅಂಬುಬಾಯಿಗೆ ಖುಷಿಯೋ ಖುಷಿ. ಅಮರಯ್ಯನವರೂ ನೋಡುತ್ತಿದ್ದರು, ಆದರೆ ಪ್ರತಿ ಸಲ ಶೋಭಾ ಚಲೋ ಐತಿ ಎಂದಾಗ ಅವಳ ಮುಖವನ್ನು ನಿಲ್ಲಿಸಿ ಇನ್ನೊಮ್ಮೆ ನೋಡುತ್ತಿದ್ದರು.

ಮೂರನೆಯ ತಿಂಗಳು ಶೋಭಾಳ ಹೆಸರಿಗೇ ಒಂದು ಪಾರ್ಸಲ್ ಬಂತು. ಹೆಸರು ಕೇಳದ ಯಾವುದೋ ಕಂಪನಿಯ ಗ್ರೈಂಡರು. ಜೊತೆಗೊಂದು ಪತ್ರ: 'ಶೋಭಾ ಅಕ್ಕನವರ ಪ್ರಾಮಾಣಿಕ ಅಭಿಪ್ರಾಯಕ್ಕಾಗಿ'. ಶೋಭಾ ಸಿಂಚನಾಳಿಗೆ ಫೋನ್ ಮಾಡಿದಳು. ಸಿಂಚನಾ ವಾಪಸು ಕಳಿಸಿ ಎಂದಳು.

ಮರುದಿನ ಮಧ್ಯಾಹ್ನ ಕೊರಿಯರ್ ಆಫೀಸಿಗೆ ಒಯ್ಯಲೆಂದು ಅಮರಯ್ಯನವರು ಸನತ್‌ನಗರಕ್ಕೆ ಹೋದರು. ಪೆಟ್ಟಿಗೆ ಬಾಗಿಲ ಬಳಿ ಸಿದ್ಧವಾಗಿತ್ತು. ಎತ್ತಿಕೊಳ್ಳುವಾಗ ನೋಡಿದರು: ಕಂಪನಿಯ ಹೆಸರಿದ್ದ ಟೇಪನ್ನು ಯಾರೋ ಚಾಕುವಿನಿಂದ ಸೀಳಿ, ಮೇಲೆ ಬೇರೆ ಟೇಪು ಅಂಟಿಸಿದ್ದರು.

ಶೋಭಾ ಅವರ ಕಣ್ಣು ಹೋದ ಕಡೆ ನೋಡಿದಳು. "ಒಂದ್ಸಲ ನೋಡಿದೆ ಅಣ್ಣಾರ, ಅಷ್ಟ," ಎಂದಳು. "ಬಣ್ಣ ಭಾಳ ಚಂದ ಐತ್ರಿ."

 ಪೆಟ್ಟಿಗೆಯ ಒಂದು ಬದಿಯನ್ನು ಅಮರಯ್ಯನವರು ಹಿಡಿದರು, ಇನ್ನೊಂದು ಬದಿಯನ್ನು ಶೋಭಾ ಹಿಡಿದಳು. ಭಾರವಿತ್ತು. ಇಬ್ಬರೂ ನಡುನಡುವೆ ಕೆಳಗಿಟ್ಟು, ಉಸಿರು ತೆಗೆದುಕೊಂಡು, ರಸ್ತೆಯ ತುದಿಯ ಆಟೋದವರೆಗೆ ಒಯ್ದರು.