ಬಿಟ್ಟುಹೋದರೆ ಏರುವ ಸ್ವರ

ಇದು ಒಂದು ಸಂಸಾರದ ಬುಡವನ್ನೇ ಅಲುಗಾಡಿಸಿದ ಮಹಾ ಪ್ರಕರಣ: ಒಂದು ಸ್ವರ ಕೂದಲೆಳೆಯಷ್ಟು ಏರುತ್ತಿತ್ತು.

ಗಡಿಯಾರ ರಿಪೇರಿಯವರು ತಮ್ಮ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯಕ್ಕೆ ಹಳೆಯ ರೇಡಿಯೋದ ಗಾಜಿನ ವಾಲ್ವಿನಿಂದ ಸ್ವರ ಹುಟ್ಟಿಸುವ ಆಸಿಲೇಟರ್ ಕಟ್ಟಿದ್ದರು. ಬಗ್ಗಿ ಕೂತು, ನಾಬ್ ತಿರುಗಿಸಿ ಶ್ರುತಿ ಕೂಡಿಸುತ್ತಿದ್ದರು. ಎದ್ದು ಆಚೆ ಹೋದರೆ ಶ್ರುತಿ ಕೆಡುತ್ತಿತ್ತು. ಆಗೆಲ್ಲ ಕೋಣೆಯಲ್ಲಿ ಇರುತ್ತಿದ್ದವನು, ಕೆಲಸ ಸಿಗುವ ತನಕ ಅಲ್ಲೇ ತಂಗಿದ್ದ ಭಾವಮೈದುನ.

“ನಾನು ಬೆನ್ನು ತಿರುಗಿಸೋದೇ ತಡ, ನಿನ್ನ ತಮ್ಮ ನಾಬ್ ತಿರುಗಿಸ್ತಾನೆ. ನಾಳೆನೇ ಬೇರೆ ಮನೆ ನೋಡ್ಕೊಳ್ಳಲಿ,” ಎಂದರು ಹೆಂಡತಿಗೆ.

ನಾಬಿಗೆ ಪೌಡರ್ ಬಳಿದು ಆಚೆ ಹೋಗಿ ಕಾದರು. ಸ್ವರ ಏರಿತು, ಬೆರಳಿನ ಗುರುತು ಮಾತ್ರ ಬೀಳಲಿಲ್ಲ.

“ಗ್ಲೌಸ್ ಹಾಕಿರ್ತಾನೆ. ಪಕ್ಕಾ ಕಳ್ಳ!”

ಹೆಂಡತಿ ತಮ್ಮನನ್ನು ಅಂಗಡಿಗೆ ಅಟ್ಟಿದಳು. “ಈಗ ಶ್ರುತಿ ಕೂಡಿಸಿ, ಎದ್ದು ಬನ್ನಿ.”

ಅವರು ಎದ್ದರು, ಸ್ವರವೂ ಏರಿತು. ಬಗ್ಗಿದರು, ಇಳಿಯಿತು.

“ನಿಮ್ಮ ಮುಖ ಹತ್ತಿರ ಬಂದ್ರೆ ಅದಕ್ಕೂ ಆಗಲ್ಲ ಅನ್ಸುತ್ತೆ ಕಣ್ರೀ. ಆ ವಾಲ್ವಿನ ಮೇಲಿದ್ದ ತಗಡಿನ ಟೋಪಿ ಎಲ್ಲಿ?”

“ತೆಗೆದಿಟ್ಟೆ. ಒಳಗೆ ಉರಿಯೋ ಕೆಂಪು ನೋಡೋಕೆ ಚೆಂದ,” ಎಂದವರೇ ಟೋಪಿಗಾಗಿ ಡ್ರಾಯರಿಗೆ ಕೈ ಹಾಕಿದರು. ಮೈ ಹತ್ತಿರ ಬಂದರೂ ಸ್ವರ ಕದಲಬಾರದೆಂದೇ ಆ ಟೋಪಿ ಇರುವುದು ಎಂಬುದು ಅವರಿಗೇ ಗೊತ್ತಿತ್ತು.

ಟೋಪಿ ವಾಲ್ವಿನ ಮೇಲೆ ಕೂತಿತು. ಭಾವಮೈದುನ ಮನೆಯಲ್ಲೇ ಉಳಿದ.